ಕಲ್ಲಿನ ಗಾತ್ರ ನಿರ್ಧರಿಸಿದ್ದು ಇಳಿತದ ನೀರು

ಕುಮಟಾ ತಾಲೂಕಿನಲ್ಲಿ ಅಘನಾಶಿನಿಯ ಅಳಿವೆಗೆ ಸಮೀಪ, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ (ಉಪ್ಪುನೀರು ನುಗ್ಗುವ ತಗ್ಗು) ಗದ್ದೆಗಳ ಅಂಚಿನಲ್ಲೇ ಹರಿದು ಹೊಳೆ ಸೇರುವ ಹಳ್ಳವೊಂದರ ದಂಡೆಗೆ ಕಲ್ಲು ಹಾಸುವ ವಿನ್ಯಾಸವನ್ನು ನಾನು ಮಾಡಬೇಕಾಗಿತ್ತು. ಅಲ್ಲಿ ಹಿಂದೆ ಹಾಸಿದ್ದ ಕಲ್ಲುಗಳು ಒಂದೇ ಮಳೆಗಾಲದಲ್ಲಿ ಜಾರಿ ಹಳ್ಳದ ತಳ ಸೇರಿದ್ದವು.

ಕಲ್ಲಿನ ಗಾತ್ರಕ್ಕೆ ಮೊದಲು ನೀರಿನ ವೇಗ ತಿಳಿಯಬೇಕು. ಹರಿವನ್ನು ಲೆಕ್ಕ ಹಾಕುವ ಒಂದು ಆಯಾಮದ ಗಣಕ ಮಾದರಿಯು ಇಡೀ ಅಡ್ಡಛೇದದ ಸರಾಸರಿ ವೇಗವನ್ನಷ್ಟೇ ಕೊಡುತ್ತದೆ. ದಂಡೆ ಕೊರೆಯುತ್ತಿದ್ದುದು ತಿರುವಿನ ಹೊರಮಗ್ಗುಲಲ್ಲಿ. ಆದ್ದರಿಂದ ಹೆಕ್-ರಾಸ್ ಎಂಬ ನದಿ ಹರಿವಿನ ತಂತ್ರಾಂಶದಲ್ಲಿ ಎರಡು ಆಯಾಮದ ಮಾದರಿಯನ್ನು ಕಟ್ಟಿದೆ. ನೆರೆಯ ಮಟ್ಟವನ್ನು ಲೆಕ್ಕ ಹಾಕುವ ರೂಢಿಯಂತೆ ಕೆಳತುದಿಯಲ್ಲಿ ದೊಡ್ಡ ಭರತದ ಮಟ್ಟವನ್ನಿಟ್ಟಾಗ ತಿರುವಿನಲ್ಲಿ ವೇಗ ಸೆಕೆಂಡಿಗೆ 1.9 ಮೀಟರ್ ಬಂತು. ಭರತದ ಹೊತ್ತಿಗೆ ನೀರು ನಿಂತಂತಿರುತ್ತದೆ, ದಂಡೆ ಕುಸಿಯುವುದು ಇಳಿತದಲ್ಲಿ ಎಂದು ಗದ್ದೆಯ ಹಿರಿಯರೊಬ್ಬರು ಹೇಳಿದ ಮೇಲೆ, ಅದೇ ನೆರೆಯನ್ನು ಇಳಿತದ ಮಟ್ಟಕ್ಕೆ ಹರಿಸಿ ನೋಡಿದೆ. ಆಳ ತಗ್ಗಿ ನೀರಿನ ಇಳಿಜಾರು ಹೆಚ್ಚಿದ್ದರಿಂದ ವೇಗ 2.9 ಮೀಟರಿಗೆ ಏರಿತು. ದಂಡೆಯ ಎತ್ತರಕ್ಕೆ ಭರತವೇ ಆಧಾರ, ಕಲ್ಲಿನ ಗಾತ್ರಕ್ಕೆ ಇಳಿತ. ಎರಡನ್ನೂ ಒಂದೇ ಲೆಕ್ಕದಿಂದ ಪಡೆಯಲಾಗದು.

ಹರಿವಿಗೆ ಕದಲದ ಕಲ್ಲಿನ ವ್ಯಾಸವನ್ನು ಕೊಡುವ ಇಸ್ಬಾಷ್ ಸೂತ್ರದಲ್ಲಿ ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟು, ಗುಣಾಂಕದ ವರ್ಗ ಮತ್ತು ಕಲ್ಲಿನ ಸಾಪೇಕ್ಷ ಸಾಂದ್ರತೆಯಲ್ಲಿ ಒಂದನ್ನು ಕಳೆದ ಶೇಷ, ಈ ಮೂರರ ಗುಣಲಬ್ಧದಿಂದ ಭಾಗಿಸಬೇಕು. ಸುಳಿ ಹೆಚ್ಚಿರುವ ಹರಿವಿಗೆ ಗುಣಾಂಕ 0.86. ಸಾಂದ್ರತೆ 2.65 ಇರುವ ಶಿಲೆಕಲ್ಲಿಗೆ ಮೊದಲಿನ ವೇಗದಲ್ಲಿ 15 ಸೆಂಟಿಮೀಟರ್ ಸಾಕಾಗಿತ್ತು, ಈಗ 35 ಬೇಕಾಯಿತು. ವ್ಯಾಸವು ವೇಗದ ವರ್ಗದಂತೆ ಬೆಳೆದರೆ ತೂಕವು ವೇಗದ ಆರನೆಯ ಘಾತದಂತೆ ಬೆಳೆಯುತ್ತದೆ. ಐದು ಕಿಲೋ ಕಲ್ಲಿನ ಜಾಗದಲ್ಲಿ ಸುಮಾರು 60 ಕಿಲೋ ಕಲ್ಲು ಬಂದು ಕೂರಬೇಕಾಗುತ್ತದೆ. ಊರಿನವರು ಹತ್ತಿರದಲ್ಲೇ ಸಿಗುವ ಚಿರೆಕಲ್ಲನ್ನು ಬಯಸಿದ್ದರು. ಅದರ ಸಾಂದ್ರತೆಯನ್ನು 2 ಎಂದು ಹಿಡಿದರೆ 58 ಸೆಂಟಿಮೀಟರಿನ ಕಲ್ಲುಗಳು ಬೇಕು ಎಂಬುದನ್ನು ಕಾಗದದ ಮೇಲೆ ತೋರಿಸಿದಾಗ ಅವರೂ ಒಪ್ಪಿದರು.

ಹಾಸಿನ ದಪ್ಪವನ್ನು 60 ಸೆಂಟಿಮೀಟರ್ ಇರಿಸಿ, ಕೆಳಗೆ ಜಿಯೋಟೆಕ್ಸ್‌ಟೈಲ್ (ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಬಟ್ಟೆ) ಹಾಗೂ ಜಲ್ಲಿಯ ಪದರ ಕೊಟ್ಟೆವು. ಇಳಿತದಲ್ಲಿ ದಂಡೆಯೊಳಗಿನ ನೀರು ಹೊರಗೆ ಒಸರುವಾಗ ಕಲ್ಲುಗಳ ಸಂದಿನಿಂದ ಕೆಸರನ್ನೂ ಸೆಳೆದೊಯ್ಯುತ್ತದೆ. ಈ ಪದರವಿಲ್ಲದಿದ್ದರೆ ಎಷ್ಟೇ ದೊಡ್ಡ ಕಲ್ಲಾದರೂ ಹೂತುಹೋಗುತ್ತದೆ. ಬುಡದಲ್ಲಿ ಕಂದಕ ತೋಡಿ ಹೆಚ್ಚುವರಿ ಕಲ್ಲು ತುಂಬಿದೆವು.

ಮೊದಲ ಮಳೆಗಾಲ ಮುಗಿದ ಮೇಲೆ ಇಳಿತದ ಹೊತ್ತು ನೋಡಿಕೊಂಡು ಹೋದೆ. ತಿರುವಿನ ಬುಡದಲ್ಲಿ ತಳ ಕೊರೆದಿತ್ತು. ಕಂದಕದ ಕಲ್ಲುಗಳು ಆ ಕುಳಿಯೊಳಗೆ ಇಳಿದು ಕುಳಿತಿದ್ದವು. ಮೇಲಿನ ಹಾಸು ಕದಲಿರಲಿಲ್ಲ.