ದಾವಣಗೆರೆಲಿ ಕಂಪನಿ ಶುರು ಮಾಡಿದೀರಾ? ಜನಾನ ಸೇರಿಸ್ಕೊಳ್ಳೋದು, ಉಳಿಸ್ಕೊಳ್ಳೋದು, ಹೆಸರು ಮಾಡೋದು ಹೆಂಗೆ

ಬೆಂಗಳೂರಲ್ಲಿ ಒಂದು ಸಣ್ಣ ಕಂಪನಿ ಸಂಬಳ ಹತ್ತು ದಿನ ತಡ ಮಾಡಿದ್ರೆ ಪಕ್ಕದ ಬಿಲ್ಡಿಂಗ್‌ನೋರಿಗೂ ಗೊತ್ತಾಗಲ್ಲ. ದಾವಣಗೆರೆಲಿ ಹಂಗಲ್ಲ, ಒಂದನೇ ತಾರೀಖು ದುಡ್ಡು ಬೀಳ್ಲಿಲ್ಲ ಅಂದ್ರೆ ಸಂಜೆ ಮಿರ್ಚಿ ಮಂಡಕ್ಕಿ ಅಂಗಡಿ ಮುಂದೆ ಅದೇ ಮಾತು, ಮಾರನೇ ದಿನ ನಿಮ್ಮ ಕಸ್ಟಮರ್ರೇ ಫೋನ್ ಮಾಡಿ "ಏನ್ರಿ, ಎಲ್ಲಾ ಸರಿ ಐತಲ್ಲ?" ಅಂತಾರೆ, ಯಾಕಂದ್ರೆ ನಿಮ್ಮ ಅಕೌಂಟ್ಸ್ ನೋಡೋ ಹುಡುಗಿ ಅವರ ತಂಗಿ ಮಗಳು. ಹಂಗಾಗಿ ಹೈರಿಂಗ್, ಲೀಡರ್‌ಶಿಪ್, ಬ್ರ್ಯಾಂಡಿಂಗ್ ಅಂತ ಮೂರು ಬೇರೆ ಬೇರೆ ತಲೆನೋವು ಇಟ್ಕೋಬೇಡಿ. ಯಾರನ್ನ ಸೇರಿಸ್ಕೊಂಡ್ರಿ, ಹೆಂಗೆ ನಡೆಸ್ಕೊಂಡ್ರಿ, ಹೆಂಗೆ ಕಳಿಸಿದ್ರಿ ಅನ್ನೋದೇ ಈ ಊರಲ್ಲಿ ನಿಮ್ಮ ಹೆಸರು, ಲೋಗೋ ಆಮೇಲೆ ಬರ್ಲಿ. ನಮ್ಮದು ಎಪಿಎಂಸಿ ದಲಾಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡೋ ಕೆಲಸ, ಉದಾಹರಣೆ ಎಲ್ಲ ಅಲ್ಲಿಂದಾನೇ ಬರ್ತಾವೆ, ಆದ್ರೆ ಐದರಿಂದ ಇಪ್ಪತ್ತೈದು ಜನ ಇರೋ ಯಾವ ಆಫೀಸಿಗಾದ್ರೂ ಹೊಂದುತ್ತೆ.

ಮೊದಲು ಯಾರು ಬೇಕು ಅಂತ ಒಂದು ಹಾಳೇಲಿ ಬರೀರಿ, ಡಿಗ್ರಿ ಅಲ್ಲ, ಕೆಲಸ ಬರೀರಿ. ಸೋಮವಾರ ಬೆಳಿಗ್ಗೆ ಬಂದು ಆ ಮನುಷ್ಯ ಏನು ಮಾಡ್ತಾನೆ, ಮೂರು ತಿಂಗಳಾದ್ಮೇಲೆ ಏನೇನು ನಿಮ್ಮನ್ನ ಕೇಳದೇ ಮಾಡ್ಬೇಕು. ಇದನ್ನ ಬರೆಯೋಕಾಗ್ತಿಲ್ಲ ಅಂದ್ರೆ ನಿಮಗೆ ಇನ್ನೂ ಆಳು ಬೇಕಾಗಿಲ್ಲ ಅಂತಾನೇ ಅರ್ಥ. "ಡೈನಾಮಿಕ್ ಆಗಿರಬೇಕು, ಪ್ಯಾಶನ್ ಇರಬೇಕು" ಅಂತೆಲ್ಲ ಹಾಕಿದ್ರೆ ಇನ್ನೂರು ರೆಸ್ಯೂಮ್ ಬರುತ್ತೆ, ಎಲ್ಲಾದರಲ್ಲೂ ಅದೇ ಎರಡು ಪದ ಇರುತ್ತೆ.

ಜನ ಎಲ್ಲಿ ಸಿಗ್ತಾರೆ? ಬಿಐಇಟಿ, ಯುಬಿಡಿಟಿ, ಜಿಎಂಐಟಿ ಅಂತ ಇಂಜಿನಿಯರಿಂಗ್ ಕಾಲೇಜುಗಳು, ತೋಳಹುಣಸೆ ಹತ್ರ ಯೂನಿವರ್ಸಿಟಿ, ಎಲ್ಲಾ ಇಲ್ಲೇ ಇದಾವೆ, ಆದ್ರೆ ಫೈನಲ್ ಇಯರ್ ಹುಡುಗರ ಕಣ್ಣೆಲ್ಲ ಬೆಂಗಳೂರಿನ ಮೇಲೆ. ಅವರನ್ನ ಹಿಡಿದಿಡೋಕೆ ಹೋಗ್ಬೇಡಿ, ಹೋಗಿ ಬರ್ಲಿ ಬಿಡಿ. ನೀವು ಹುಡುಕಬೇಕಾಗಿರೋದು ವಾಪಸ್ ಬಂದವರನ್ನ. ಅಪ್ಪ ಅಮ್ಮನ ಆರೋಗ್ಯಕ್ಕೆ ಅಂತ ಬಂದವರು, ಮದುವೆ ಆಗಿ ಈ ಊರಿಗೆ ಬಂದ ಹೆಣ್ಮಕ್ಕಳು, ಮಗು ಆದ್ಮೇಲೆ ಕೆಲಸ ಬಿಟ್ಟು ಮನೇಲಿರೋರು. ವಿದ್ಯಾನಗರದಲ್ಲೋ ಎಂಸಿಸಿ ಬಿ ಬ್ಲಾಕಲ್ಲೋ ಒಂದೊಂದು ಬೀದಿಲಿ ಏಳೆಂಟು ವರ್ಷ ಅನುಭವ ಇರೋ ಒಬ್ಬರಾದ್ರೂ ಸುಮ್ನೆ ಕೂತಿರ್ತಾರೆ, ಯಾರೂ ಕೇಳಿರಲ್ಲ ಅಷ್ಟೇ. ಅವರಿಗೆ ಬೆಂಗಳೂರು ಸಂಬಳಕ್ಕಿಂತ ಮುಖ್ಯ ಟೈಮಿಂಗ್, ಸ್ಕೂಲ್ ವ್ಯಾನ್ ಬರೋ ಹೊತ್ತಿಗೆ ಮನೇಲಿರೋಕೆ ಬಿಡ್ತೀರಾ ಅನ್ನೋದು. ಬಿಡ್ತೀವಿ ಅಂತ ಹೇಳಿ, ಹೇಳಿದ್ಮೇಲೆ ಮೂರೂವರೆಗೆ ಎದ್ದು ಹೋಗೋವಾಗ ಮುಖ ಗಂಟು ಹಾಕಬೇಡಿ.

ಹೊಸಬರನ್ನ ತಗೊಳ್ಳೋದಾದ್ರೆ ಇನ್ನೊಂದು ವಿಷಯ, ಇಲ್ಲಿ ಆಫರ್ ಲೆಟರ್ ತಗೊಳ್ಳೋಕೆ ಅಪ್ಪನೂ ಜೊತೆಗೆ ಬರ್ತಾರೆ. ನಗಬೇಡಿ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸ್ಕೊಂಡ ಊರು ಇದು, ಹತ್ತಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನ ಕಣ್ಣಾರೆ ನೋಡಿದ ತಲೆಮಾರು, ಪ್ರೈವೇಟ್ ಕಂಪನಿ ಅಂದ್ರೆ ಯಾವಾಗ ಮುಚ್ಚುತ್ತೋ ಅನ್ನೋ ಭಯ ಅವರಿಗೆ ಸುಮ್ನೆ ಬಂದಿಲ್ಲ. ಕೂರಿಸಿ, ಚಾ ಕೊಡಿ, ಕಂಪನಿ ದುಡ್ಡು ಎಲ್ಲಿಂದ ಬರುತ್ತೆ ಅಂತ ಹತ್ತು ನಿಮಿಷ ಹೇಳಿ. ಮನೆಯವರು ಒಪ್ಪಿದ ಹುಡುಗ ಆರು ತಿಂಗಳಿಗೆ ಬ್ಯಾಂಕ್ ಎಕ್ಸಾಮ್ ಅಂತ ಓಡೋದು ಕಮ್ಮಿ.

ಇನ್ನು ಶಿಫಾರಸು. "ನಮ್ಮ ಹುಡುಗ ಒಬ್ಬ ಇದಾನೆ ನೋಡ್ರಿ" ಅಂತ ಬೀಗರು ಹೇಳ್ತಾರೆ, ದೊಡ್ಡ ಕಸ್ಟಮರ್ ಹೇಳ್ತಾರೆ, ಆಫೀಸ್ ಬಾಡಿಗೆ ಕೊಟ್ಟ ಓನರ್ರೂ ಹೇಳ್ತಾರೆ. ಮುಖದ ಮೇಲೆ ಇಲ್ಲ ಅನ್ನೋಕಾಗಲ್ಲ, ಅನ್ನೋದೂ ಬೇಡ. "ಕಳಿಸ್ರಿ ಅಣ್ಣ, ಎಲ್ರಿಗೂ ಒಂದು ಟೆಸ್ಟ್ ಇರುತ್ತೆ, ಅವನೂ ಬರೀಲಿ" ಅಂತ ಮೊದಲೇ ಹೇಳಿಬಿಡಿ. ಟೆಸ್ಟ್ ನಿಜವಾಗ್ಲೂ ಎಲ್ಲರಿಗೂ ಒಂದೇ ಇರಬೇಕು, ನಿಮ್ಮ ಅಳಿಯನಿಗೂ. ಇದರಿಂದ ಇನ್ನೊಂದು ಉಪಯೋಗ ಐತೆ, ಯಾರೂ ಬಾಯಿಬಿಟ್ಟು ಹೇಳಲ್ಲ ನಾನೇ ಹೇಳ್ತೀನಿ, "ಅದು ಇಂಥ ಜಾತಿಯವರ ಆಫೀಸು" ಅಂತ ಒಂದ್ಸಲ ಊರಲ್ಲಿ ಮಾತು ಬಂದ್ರೆ ಒಳ್ಳೆ ಕ್ಯಾಂಡಿಡೇಟ್‌ಗಳಲ್ಲಿ ಅರ್ಧ ಜನ ಅಪ್ಲೈನೇ ಮಾಡಲ್ಲ.

ಟೆಸ್ಟ್ ಅಂದ್ರೆ ಪಜಲ್ ಅಲ್ಲ, ನಾಳೆ ಮಾಡೋ ಕೆಲಸದ್ದೇ ಒಂದು ತುಂಡು. ಸಪೋರ್ಟ್ ಕೆಲಸಕ್ಕೆ ಬಂದವರಿಗೆ ನಾವು ಒಂದು ವಾಟ್ಸಾಪ್ ಮೆಸೇಜ್ ತೋರಿಸ್ತೀವಿ: "ಪ್ರಿಂಟ್ ಬರ್ತಿಲ್ಲ, ರೈತ್ರು ನಿಂತಿದಾರೆ, ಬೇಗ ನೋಡ್ರಿ". ಮೆಕ್ಕೆಜೋಳದ ಸೀಸನ್, ಅಂಗಡಿ ಮುಂದೆ ಲೋಡ್ ನಿಂತಿದೆ, ಹಮಾಲರು ಕಾಯ್ತಿದಾರೆ ಅಂತಾನೂ ಹೇಳ್ತೀವಿ. ಈಗ ಉತ್ತರ ಟೈಪ್ ಮಾಡಿ ಅಂತ ಫೋನ್ ಕೊಟ್ಟುಬಿಡೋದು. "ಡಿಯರ್ ಸರ್, ಕೈಂಡ್ಲಿ ಶೇರ್ ದ ಸ್ಕ್ರೀನ್‌ಶಾಟ್" ಅಂತ ಹಾಕೋರೇ ಜಾಸ್ತಿ. ಒಬ್ಬ ಹುಡುಗಿ, ಬಿಕಾಂ, ಇಂಗ್ಲಿಷ್ ಅಷ್ಟಕ್ಕಷ್ಟೇ, ಹಿಂಗೆ ಹಾಕಿದ್ಲು: "ಅಣ್ಣ, ಪ್ರಿಂಟರ್ ಮೇಲೆ ಕೆಂಪು ಲೈಟ್ ಉರೀತಿದೆಯಾ ನೋಡಿ. ಅಲ್ಲೀವರೆಗೂ ಕೈಲಿ ಬರೆದ ಚೀಟಿ ಕೊಟ್ಟು ರೈತರನ್ನ ಕಳಿಸಿ, ಆ ನಂಬರ್ ನಾನೇ ಆಮೇಲೆ ಎಂಟ್ರಿ ಮಾಡಿಸ್ತೀನಿ." ಮೊದಲು ನಿಂತಿರೋ ರೈತ, ಆಮೇಲೆ ಪ್ರಿಂಟರ್, ಈ ಲೆಕ್ಕ ಯಾರೂ ಹೇಳಿಕೊಡದೇ ಅವಳಿಗೆ ಬಂತು. ಪ್ರಿಂಟರ್ ರಿಪೇರಿ ಒಂದು ವಾರದಲ್ಲಿ ಕಲಿಸಬಹುದು, ಇದನ್ನ ಕಲಿಸೋಕಾಗಲ್ಲ. ನಿಮ್ಮ ಕೆಲಸದಲ್ಲೂ ಇಂಥ ಒಂದು ಮೆಸೇಜ್ ಇರುತ್ತೆ, ಹುಡುಕಿ ಇಟ್ಕೊಳ್ಳಿ. ಟೆಸ್ಟ್ ಅರ್ಧ ಗಂಟೆ ಮೀರಬಾರದು, ಒಂದು ದಿನದ ಕೆಲಸ ಮಾಡಿಸ್ಕೊಂಡ್ರೆ ಒಂದು ದಿನದ ದುಡ್ಡು ಕೊಡಿ. ಮದುವೆ ಯಾವಾಗ, ಮಕ್ಕಳು ಯಾವಾಗ ಅಂತ ಕೇಳೋದು ಇವತ್ತಿಗೇ ನಿಲ್ಲಿಸಿ.

ಪೇಪರ್ ಕೆಲಸ ಬೋರು, ಆದ್ರೂ ಕೇಳಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದಾವೆ, ನೇಮಕಾತಿ ಪತ್ರ ಎಲ್ಲ ಕೆಲಸಗಾರರಿಗೂ ಕೊಡಲೇಬೇಕು, "ನಾಳೆಯಿಂದ ಬಾರಪ್ಪ" ಅಂತ ಬಾಯಿಮಾತಲ್ಲಿ ಸೇರಿಸ್ಕೊಳ್ಳೋ ಕಾಲ ಹೋಯ್ತು. ಹತ್ತು ಜನ ಆದ್ರೆ ಇಎಸ್‌ಐ, ಅಂದ್ರೆ ಕೆಲಸಗಾರರ ಆರೋಗ್ಯ ವಿಮೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋರಿಗೆ. ಇಪ್ಪತ್ತಾದ್ರೆ ಪಿಎಫ್, ಅಂದ್ರೆ ಭವಿಷ್ಯ ನಿಧಿ. ಹತ್ತು ಜನ ಇದ್ದಾಗ್ಲೇ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ ದೂರು ವಿಚಾರಿಸೋ ಆಂತರಿಕ ಸಮಿತಿನೂ ಆಗಬೇಕು, ಇದನ್ನ ಸಣ್ಣ ಆಫೀಸಲ್ಲಿ ಬಹಳ ಜನ ಮಾಡೋದೇ ಇಲ್ಲ. ಸಂಬಳ ಹೇಳೋವಾಗ ಸಿಟಿಸಿ, ಅಂದ್ರೆ ಅವರಿಗೆ ಅಂತ ಕಂಪನಿ ಮಾಡೋ ಒಟ್ಟು ಖರ್ಚು, ಹೇಳಬೇಡಿ, ಕೈಗೆ ಎಷ್ಟು ಬರುತ್ತೆ ಅಂತ ಹೇಳಿ. ಸಂಬಳ 18,000 ಅಂದ್ರೆ ಇಎಸ್‌ಐಗೆ ಅವರದ್ದು 0.75 ಪರ್ಸೆಂಟ್ 135 ರೂಪಾಯಿ ಹಿಡೀತೀರಿ, ನೀವು ಮೇಲಿಂದ 3.25 ಪರ್ಸೆಂಟ್ 585 ಹಾಕ್ತೀರಿ, ಇಷ್ಟನ್ನ ಪೆನ್ ತಗೊಂಡು ಬರೆದು ತೋರಿಸಿದ್ರೆ ಮುಂದೆ ಜಗಳ ಇರಲ್ಲ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಸ್ಕೊಂಡು ಬೀರುಲಿ ಇಟ್ಕೊಳ್ಳೋ ಚಾಳಿ ಕೆಲವರಿಗಿದೆ. ದಯವಿಟ್ಟು ಬೇಡ. ಬಿಟ್ಟೋದ್ರೆ ಇದೇ ಫೀಲ್ಡಲ್ಲಿ ಕೆಲಸ ಮಾಡಬಾರದು ಅಂತ ಬಾಂಡ್ ಪೇಪರಲ್ಲಿ ಬರೆಸ್ಕೊಂಡ್ರೂ 1872ರ ಕಾಂಟ್ರ್ಯಾಕ್ಟ್ ಕಾಯ್ದೆಯ 27ನೇ ಸೆಕ್ಷನ್ ಮುಂದೆ ಅದು ನಿಲ್ಲಲ್ಲ. ಹೆದರಿಸಿ ಇಟ್ಕೊಂಡೋನು ಕೆಲಸ ಮಾಡಲ್ಲ, ಬರೀ ಕೂತಿರ್ತಾನೆ.

ಇನ್ನು ದಿನನಿತ್ಯ ನಡೆಸೋದು. ಬೈಯೋದಿದ್ರೆ ವಾಟ್ಸಾಪ್ ಗ್ರೂಪಲ್ಲಿ ಬೈಬೇಡಿ, ಒಳಗೆ ಕರೆದು ಬಾಗಿಲು ಹಾಕಿ ಹೇಳಿ. ನಿಮಗೆ ಇಪ್ಪತ್ತೆಂಟು, ಅಕೌಂಟ್ಸ್ ನೋಡೋರಿಗೆ ಐವತ್ತು ಅಂದ್ರೆ "ನೀವು, ಸಾರ್" ಅಂತಾನೇ ಕರೀರಿ, ಬಾಸ್ ಆದ್ರೂನೂ, ಆದ್ರೆ ಲೆಕ್ಕ ತಪ್ಪಿದ್ದನ್ನ ಸಾರ್ ಅಂದ್ಕೊಂಡೇ ನೇರವಾಗಿ ಹೇಳಿ. ಎಲ್ಲಾದಕ್ಕೂ ನಿಮ್ಮನ್ನ ಕೇಳಬೇಕು ಅಂತ ಇಟ್ಕೊಂಡ್ರೆ ನೀವು ಮದುವೆ ಮನೇಲಿ ಊಟಕ್ಕೆ ಕೂತಾಗ್ಲೂ ಫೋನ್ ನಿಲ್ಲಲ್ಲ, ಎರಡು ಸಾವಿರದವರೆಗೆ ಕಸ್ಟಮರ್‌ಗೆ ವಾಪಸ್ ಕೊಡೋದು ಬಿಡೋದು ನಿಮ್ಮಿಷ್ಟ ಅಂತ ಒಂದು ಗೆರೆ ಹಾಕಿಕೊಡಿ, ಆಮೇಲೆ ಅವರು ಕೊಟ್ಟಿದ್ದನ್ನ ಪ್ರಶ್ನೆ ಮಾಡಬೇಡಿ. ಸಂಬಳದ ಅಡ್ವಾನ್ಸ್ ಕೇಳೋರು ಇದ್ದೇ ಇರ್ತಾರೆ, ಯಾರಿಗೆ ಎಷ್ಟು, ಎಷ್ಟು ತಿಂಗಳಲ್ಲಿ ಕಟ್ ಮಾಡೋದು ಅಂತ ಒಂದೇ ನಿಯಮ ಬರೆದಿಡಿ, ಇಲ್ಲಾಂದ್ರೆ ಅತ್ತವರಿಗೆ ಸಿಗುತ್ತೆ, ಸುಮ್ಮನಿರೋರಿಗೆ ಇಲ್ಲ. ರಜೆ ಪಟ್ಟಿಲಿ ಊರು ಕಾಣಬೇಕು, ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತೆ, ಮನೆ ತುಂಬ ನೆಂಟರು, ಆವತ್ತು ಯಾರೂ ಬರಲ್ಲ, ರಜೆ ಕೊಟ್ಟು ಹೊರಗಿನ ಕಸ್ಟಮರ್‌ಗಳಿಗೆ ಒಂದು ವಾರ ಮುಂಚೆ ಮೆಸೇಜ್ ಹಾಕಿಬಿಡಿ. ಎಪಿಎಂಸಿ ಬಾಕಿ ಬರದೇ ಕೈ ಕಟ್ಟಿಹೋದ ತಿಂಗಳು ಸಂಬಳ ತಡ ಆಗುತ್ತೆ ಅನ್ಸಿದ್ರೆ 25ನೇ ತಾರೀಖೇ ಎಲ್ಲರನ್ನ ಕೂರಿಸಿ ದಿನಾಂಕ ಸಮೇತ ಹೇಳಿ, ಮೊದಲು ಕಮ್ಮಿ ಸಂಬಳದವರಿಗೆ ಹಾಕಿ, ನಿಮ್ಮದು ಕೊನೆಗೆ.

ಕಳಿಸೋದೂ ಬರುತ್ತೆ. ಆಗ್ತಿಲ್ಲ ಅಂತ ಎರಡು ತಿಂಗಳು ಮೊದಲೇ ಹೇಳಿರಬೇಕು, ಏನು ಸರಿ ಹೋಗ್ಬೇಕು ಅಂತ ಉದಾಹರಣೆ ಕೊಟ್ಟು. ಆದ್ರೂ ಆಗ್ಲಿಲ್ಲ ಅಂದ್ರೆ ಮುಖ ನೋಡಿ ಹೇಳಿ, ಕೆಲಸ ಕೊಡದೇ ಕೂರಿಸಿ ತಾನಾಗೇ ಹೋಗ್ಲಿ ಅನ್ನೋ ಆಟ ಬೇಡ. ವೇತನ ಸಂಹಿತೆ ಪ್ರಕಾರ ಬಿಟ್ಟ ಎರಡು ಕೆಲಸದ ದಿನದೊಳಗೆ ಬಾಕಿ ಸಂಬಳ ಚುಕ್ತಾ ಆಗ್ಬೇಕು, ರಿಲೀವಿಂಗ್ ಲೆಟರ್ರೂ ಅವತ್ತೇ ಕೊಡಿ. ಅವನು ನಾಳೆ ಎಲ್ಲಿಗೂ ಹೋಗಲ್ಲ, ಅಶೋಕ ರೋಡಲ್ಲಿ ಎದುರಿಗೆ ಸಿಗ್ತಾನೆ, ಮುಂದಿನ ವರ್ಷ ನಿಮ್ಮ ದೊಡ್ಡ ಕಸ್ಟಮರ್ ಹತ್ರಾನೇ ಮ್ಯಾನೇಜರ್ ಆಗಿರ್ತಾನೆ.

ಈಗ ಹೆಸರಿಗೆ ಬರೋಣ. ದಾವಣಗೆರೆ ಬೆಣ್ಣೆ ದೋಸೆ ಅಂತ ಬೋರ್ಡು ಬೆಂಗಳೂರಿನ ಎಷ್ಟು ಏರಿಯಾದಲ್ಲಿ ಇದೆ ನೋಡಿ, ಅದರಲ್ಲಿ ಒಂದು ರೂಪಾಯಿನೂ ಈ ಊರಿನ ಮೂಲ ಹೋಟೆಲಿನೋರಿಗೆ ಬರಲ್ಲ, ಯಾಕಂದ್ರೆ ಊರಿನ ಹೆಸರು ಮತ್ತು ತಿಂಡಿ ಹೆಸರು ಎರಡನ್ನೂ ಸೇರಿಸಿದ್ರೆ ಅದು ಯಾರೊಬ್ಬರದ್ದೂ ಅಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಕೂಡ ಬರೀ ಊರು, ಗುಣ, ಬಗೆ ಹೇಳೋ ಹೆಸರನ್ನ ಸುಲಭಕ್ಕೆ ರಿಜಿಸ್ಟರ್ ಮಾಡಲ್ಲ. ಹಂಗಾಗಿ "ದಾವಣಗೆರೆ ಸಾಫ್ಟ್‌ವೇರ್ ಸೊಲ್ಯೂಷನ್ಸ್" ಅಂತ ಇಡಬೇಡಿ. ಫೋನಲ್ಲಿ ಒಂದ್ಸಲ ಹೇಳಿದ್ರೆ ಗುಮಾಸ್ತರಿಗೆ ತಿಳೀಬೇಕು, ಕನ್ನಡದಲ್ಲಿ ಬರೆದ್ರೆ ಓದೋಕೆ ತೊಡರಬಾರದು, ಅಂಥದ್ದು ಇಡಿ. ಟ್ರೇಡ್‌ಮಾರ್ಕ್ ನೋಡೋ ಸರ್ಕಾರಿ ಕಚೇರಿಯ ಐಪಿ ಇಂಡಿಯಾ ವೆಬ್‌ಸೈಟಲ್ಲಿ ಅದೇ ಹೆಸರು ಯಾರಾದ್ರೂ ಹಾಕಿದಾರಾ ಅಂತ ಫ್ರೀಯಾಗಿ ಹುಡುಕಬಹುದು. ಟ್ರೇಡ್‌ಮಾರ್ಕಿನ ಆನ್‌ಲೈನ್ ಅರ್ಜಿಗೆ ಒಂದು ಕ್ಲಾಸಿಗೆ, ಅಂದ್ರೆ ಸರಕು-ಸೇವೆಯ ಒಂದು ವಿಭಾಗಕ್ಕೆ, ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ, ಸಣ್ಣ ಉದ್ಯಮಗಳಿಗೆ 4,500 ರೂಪಾಯಿ, ಉಳಿದವರಿಗೆ 9,000, ಸಿಕ್ಕಿದ್ರೆ ಹತ್ತು ವರ್ಷಕ್ಕೆ. ಲೋಗೋಗೆ ನಲವತ್ತು ಸಾವಿರ ಕೊಟ್ಟು ಈ ನಾಲ್ಕೂವರೆ ಸಾವಿರಕ್ಕೆ ಹಿಂದೆಮುಂದೆ ನೋಡೋರನ್ನ ಕಂಡ್ರೆ ನನಗೆ ಆಶ್ಚರ್ಯ.

ಬೋರ್ಡ್ ಬರೆಸೋವಾಗ ಕನ್ನಡ 60 ಪರ್ಸೆಂಟ್, ಅದೂ ಮೇಲ್ಭಾಗದಲ್ಲಿ, 2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ತಿದ್ದುಪಡಿ ಕಾಯ್ದೆ ಹಂಗೆ ಹೇಳುತ್ತೆ. ಫೋಟೋಗಳಿಗೆ ಇಂಟರ್ನೆಟ್‌ನಿಂದ ಕೋಟು ಹಾಕಿದ ಫಾರಿನ್ನೋರನ್ನ ಇಳಿಸ್ಕೊಂಡು ಹಾಕಬೇಡಿ, ನಿಮ್ಮ ಹುಡುಗರು ದಲಾಲಿ ಅಂಗಡೀಲಿ ಕೂತು ಕೆಲಸ ಮಾಡ್ತಿರೋದೇ ಹಾಕಿ, ಅವರನ್ನ ಕೇಳಿ ಹಾಕಿ. ಮತ್ತೆ ಬೋರ್ಡಲ್ಲಿ, ಬಿಲ್ಲಲ್ಲಿ, ಗೂಗಲ್ ಮ್ಯಾಪಲ್ಲಿ ಎಲ್ಲಾ ಕಡೆ ಹಾಕೋ ಫೋನ್ ನಂಬರ್ ಕಂಪನಿ ಹೆಸರಲ್ಲಿ ತಗೊಂಡ ಬೇರೆ ಸಿಮ್ಮೇ ಆಗಿರಲಿ, ಸಪೋರ್ಟ್ ಹುಡುಗನ ಸ್ವಂತ ನಂಬರ್ ಕೊಟ್ಟಿದ್ರೆ ಅವನು ಕೆಲಸ ಬಿಟ್ಟ ದಿನ ಕಸ್ಟಮರ್ ಲಿಸ್ಟೂ ಅವನ ಜೇಬಲ್ಲೇ ಹೋಗುತ್ತೆ, ಪಾಪ ಅವನದ್ದೇನೂ ತಪ್ಪಿರಲ್ಲ, ಜನ ಅವನಿಗೇ ಫೋನ್ ಮಾಡ್ತಾನೇ ಇರ್ತಾರೆ.