ಬಾಂದುಕಲ್ಲು ಕದಲಬೇಕು!

ನಮ್ಮ ಕಡೆ ಬಾಂದುಕಲ್ಲು ಒಂದು ಗೇಣು ಸರಿದರೂ ಕೋರ್ಟಿನವರೆಗೆ ಹೋಗುತ್ತಾರೆ. ಭೂಮಾಪನದಲ್ಲಿ ನಾನು ಕಲಿತ ಮೊದಲ ಪಾಠವೇ ಕಲ್ಲು ಕದಲಬಾರದು ಎಂಬುದು. ಆಸ್ಟ್ರಿಯಾದ ಟಿರೋಲ್‌ಗೆ ಬಂದ ಮೇಲೆ, ಓಬರ್‌ಗುರ್ಗ್ಲ್ ಹಳ್ಳಿಯ ಸಮೀಪದ ಹೋಖೆಬೆನ್‌ಕಾರ್ ಎಂಬ ರಾಕ್ ಗ್ಲೇಸಿಯರ್‌ನ ಮೇಲೆ, ಕದಲುತ್ತವೆ ಎಂಬ ಕಾರಣಕ್ಕೇ ಕಲ್ಲುಗಳಿಗೆ ಕೆಂಪು ಬೊಟ್ಟಿಟ್ಟೆ.

ರಾಕ್ ಗ್ಲೇಸಿಯರ್ ನೋಡಲು ಕ್ವಾರಿಯವರು ಸುರಿದು ಹೋದ ಕಲ್ಲಿನ ರಾಶಿಯಂತಿರುತ್ತದೆ. ಹಿಮ ಕಣ್ಣಿಗೆ ಬೀಳುವುದಿಲ್ಲ. ಆದರೆ ಒಳಗೆ ವರ್ಷವಿಡೀ ಕರಗದ ಮಂಜುಗಡ್ಡೆ ಕಲ್ಲು ಮಣ್ಣುಗಳನ್ನು ಬೆಸೆದಿರುತ್ತದೆ. ಆ ಮುದ್ದೆ ತನ್ನ ಭಾರಕ್ಕೇ ಇಳಿಜಾರಿನಲ್ಲಿ ತೆವಳುತ್ತದೆ, ವರ್ಷಕ್ಕೆ ಕೆಲವು ಸೆಂಟಿಮೀಟರ್, ಕೆಲವೆಡೆ ಹಲವು ಮೀಟರ್. ಹೋಖೆಬೆನ್‌ಕಾರ್‌ನ ತೆವಳಿಕೆಯನ್ನು 1938ರಲ್ಲೇ ಸಂಶೋಧಕ ವೋಲ್ಫ್‌ಗಾಂಗ್ ಪಿಲ್ಲೆವಿಜರ್ ಫೋಟೋಗಳ ಮೂಲಕ ಅಳೆಯತೊಡಗಿದ್ದರು. ನನ್ನ ಕೈಯಲ್ಲಿ ಇದ್ದದ್ದು ಉಪಗ್ರಹ ಸಂಕೇತ ಹಿಡಿಯುವ ಎರಡು ರಿಸೀವರ್.

ಒಂದನ್ನು ರಾಶಿಯ ಹೊರಗೆ, ಬೆಟ್ಟಕ್ಕೇ ಸೇರಿದ ಬಂಡೆಯ ಮೇಲೆ ಟ್ರೈಪಾಡ್ ಹೂಡಿ ಇಡುತ್ತೇವೆ. ಇನ್ನೊಂದನ್ನು ಕೋಲಿನ ತುದಿಗೆ ಸಿಕ್ಕಿಸಿ ಬೊಟ್ಟಿನಿಂದ ಬೊಟ್ಟಿಗೆ ನಡೆಯುವುದು. ಕೋಲಿನ ರಸಮಟ್ಟದ ಗುಳ್ಳೆ ನಡುವೆ ನಿಂತಿರಬೇಕು. ಕೋಲು ತುಸು ವಾಲಿದರೂ ಸೆಂಟಿಮೀಟರ್‌ಗಳು ಕೈತಪ್ಪುತ್ತವೆ. ಕದಲದ ಬಂಡೆಯಲ್ಲಿ ಇನ್ನೊಂದು ಗುರುತಿದೆ. ಬೆಳಿಗ್ಗೆ ಅದನ್ನು ಅಳೆದು, ಹಳೆಯ ಲೆಕ್ಕಕ್ಕೆ ತಾಳೆಯಾಗದೆ ನಾನು ಮುಂದೆ ಹೆಜ್ಜೆ ಇಡುವುದಿಲ್ಲ. ಪ್ರತಿವರ್ಷ ಆಗಸ್ಟ್‌ನ ಅದೇ ವಾರ ಹೋಗಬೇಕು. ರಾಕ್ ಗ್ಲೇಸಿಯರ್‌ಗಳು ಸಾಮಾನ್ಯವಾಗಿ ಶರತ್ಕಾಲದಲ್ಲಿ ಚುರುಕು, ವಸಂತದಲ್ಲಿ ಮಂದ. ದಿನಾಂಕ ಹಿಂದುಮುಂದಾದರೆ ಋತುವಿನ ಏರಿಳಿತವೇ ವರ್ಷದ ವೇಗದ ವೇಷ ಹಾಕಿಕೊಳ್ಳುತ್ತದೆ.

ನಾನು ಎಡವಿದ್ದು ಎರಡನೆಯ ವರ್ಷ. ಇಪ್ಪತ್ತಮೂರನೆಯ ಕಲ್ಲು ಅಕ್ಕಪಕ್ಕದವುಗಳಿಗಿಂತ ಎರಡು ಪಟ್ಟು ಚಲಿಸಿತ್ತು. ಹಿಂದಿನ ದಶಕಗಳಿಗಿಂತ ಆಲ್ಪ್ಸ್‌ನ ಅನೇಕ ರಾಕ್ ಗ್ಲೇಸಿಯರ್‌ಗಳು ಈಗ ವೇಗವಾಗಿವೆ, ನೆಲದೊಳಗಿನ ಮಂಜುಗಡ್ಡೆ ಬೆಚ್ಚಗಾದಷ್ಟೂ ಮೆತ್ತಗಾಗುತ್ತದೆ ಎಂದೆಲ್ಲ ಓದಿಕೊಂಡಿದ್ದೆನಲ್ಲ, ಇಲ್ಲೊಂದು ಚುರುಕಿನ ಪಟ್ಟಿ ಸಿಕ್ಕಿತೆಂದು ರಾತ್ರಿಯೇ ನಕ್ಷೆ ಬಿಡಿಸಿದೆ. ಸಂಭ್ರಮದಲ್ಲಿ ಸಾರು ಉಕ್ಕಿ ಒಲೆ ಆರಿದ್ದೂ ತಿಳಿಯಲಿಲ್ಲ.

"ಕಲ್ಲನ್ನು ನೋಡಿದೆಯಾ, ಬೊಟ್ಟನ್ನು ಮಾತ್ರ ನೋಡಿದೆಯಾ?" ಎಂದರು ಜೊತೆಗಿದ್ದ ಹಿರಿಯರು.

ಬೆಳಿಗ್ಗೆ ಮತ್ತೆ ಹತ್ತಿದೆ. ನೆತ್ತಿಯ ಮೇಲಿರಬೇಕಾದ ಬೊಟ್ಟು ಕಣಿವೆಯ ಕಡೆಗೆ ಮುಖಮಾಡಿತ್ತು. ಬಿಸಿಲಿಗಿರಬೇಕಾದ ಕಲ್ಲುಹೂವು ಅರ್ಧದಷ್ಟು ಕಲ್ಲಿನ ಕೆಳಗೆ ಸಿಕ್ಕಿ ಜಜ್ಜಿಹೋಗಿತ್ತು. ಮಣ್ಣು ಮೆತ್ತಿದ ಬೋಳು ಹೊಟ್ಟೆ ಮೇಲಾಗಿತ್ತು. ರಾಶಿಯೊಡನೆ ತೆವಳುವುದರ ಜೊತೆಗೆ ಕಲ್ಲು ತಾನಾಗಿಯೂ ಹೊರಳಿತ್ತು, ನಾನು ಆ ಹೊರಳನ್ನೂ ಬೆಟ್ಟದ ಖಾತೆಗೆ ಬರೆದಿದ್ದೆ. ಬೊಟ್ಟು ವಾಲಿದೆ ಎಂದು ಕೋಲು ಊರುವಾಗಲೇ ಅನಿಸಬೇಕಿತ್ತು. ಮಳೆ ಬರುವುದರೊಳಗೆ ಮುಗಿಸುವ ಆತುರವಿತ್ತು.

ಅಂದಿನಿಂದ ಪ್ರತಿ ಕಲ್ಲನ್ನೂ ಎರಡು ಬದಿಯಿಂದ ಫೋಟೋ ತೆಗೆಯುತ್ತೇನೆ. ದೊಡ್ಡ ಬಂಡೆಗಳಿಗೆ ಎರಡೆರಡು ಬೊಟ್ಟು: ಎರಡೂ ಒಂದೇ ದಿಕ್ಕಿಗೆ, ಒಂದೇ ಅಳತೆ ಸರಿದಿದ್ದರೆ ಮಾತ್ರ ಲೆಕ್ಕಕ್ಕೆ ಸೇರುತ್ತದೆ. ಡ್ರೋನ್ ಚಿತ್ರಗಳಿಂದ ಇಡೀ ರಾಶಿಯನ್ನೇ ಹೋಲಿಸಬಹುದು, ಸುಲಭ. ಆದರೂ ಕಲ್ಲಿನ ಬಳಿ ಮಂಡಿಯೂರಿ ಕೂರುವುದನ್ನು ನಾನಿನ್ನೂ ಬಿಟ್ಟಿಲ್ಲ.

ಆ ದಿನ ಪಕ್ಕದಲ್ಲಿದ್ದ, ಎಮ್ಮೆಯಷ್ಟು ಅಗಲದ ಚಪ್ಪಟೆ ಬಂಡೆಯ ಮೇಲೆ ಹತ್ತಿ ಕುಣಿದು ನೋಡಿದೆ. ಅಲುಗಲಿಲ್ಲ. ತಂತಿ ಬ್ರಷ್ಷಿನಿಂದ ಕಲ್ಲುಹೂವು ಕೆರೆದು, ಹೊಸ ಬೊಟ್ಟಿಟ್ಟು, 23ಎ ಎಂದು ಬರೆದೆ.