ಇಂಗ್ಲಿಷ್ ಪತ್ರದ ಕೋರಿಕೆಯನ್ನು ಪ್ರಶ್ನೆಯಾಗಿ ಬರೆಯಿರಿ

ಮುಂಬಯಿಯ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಗೆ ಇಂಗ್ಲಿಷಿನಲ್ಲಿ ಬರೆಯುವಾಗ ‘ಕೈಂಡ್ಲಿ ರಿಪೇರ್ ದ ಪೈಪ್’ ಎನ್ನುವುದಕ್ಕಿಂತ ‘ಕುಡ್ ಯು ಗೆಟ್ ದ ಪೈಪ್ ರಿಪೇರ್ಡ್ ಬಿಫೋರ್ ಸಂಡೇ?’ ಎಂದು ಪ್ರಶ್ನೆಯ ರೂಪದಲ್ಲಿ ಕೇಳುವುದು ಮೇಲು. ಕನ್ನಡದಲ್ಲಿ ‘ಮಾಡಿಸಿ’ ಎಂದರೆ ಗೌರವವು ಕ್ರಿಯಾಪದದ ಪ್ರತ್ಯಯದಲ್ಲೇ ಸೇರಿಕೊಂಡಿರುತ್ತದೆ. ಇಂಗ್ಲಿಷಿನ ವಿಧಿರೂಪಕ್ಕಾದರೋ ಏಕವಚನ, ಬಹುವಚನಗಳ ಭೇದವಿಲ್ಲದ ಕಾರಣ, ಮುಂದೆ ‘ಕೈಂಡ್ಲಿ’ಯನ್ನು ಅಂಟಿಸಿದರೂ ಅದು ಅಪ್ಪಣೆಯಂತೆ ಕೇಳಿಸಬಹುದು, ಅದರಲ್ಲಿಯೂ ನೌಕರಿ ಮುಗಿಸಿ ರಾತ್ರಿ ಸೊಸೈಟಿಯ ಕಡತ ತೆರೆಯುವ, ನೆರೆಯವರೇ ಆದ ಕಾರ್ಯದರ್ಶಿಗೆ. ‘ಕ್ಯಾನ್’ ಬದಲು ‘ಕುಡ್’ ಬಳಸಿದರೆ, ಅದರ ಭೂತಕಾಲದ ರೂಪವೇ ಮಾತಿಗೆ ಇನ್ನಷ್ಟು ಮೃದುತ್ವವನ್ನು ಕೊಡುತ್ತದೆ. ಗಡುವನ್ನು ಮಾತ್ರ ಬಿಡಬಾರದು, ಏಕೆಂದರೆ ಗಡುವಿಲ್ಲದ ಪ್ರಶ್ನೆಗೆ ‘ನೋಡೋಣ’ ಎಂಬ ಉತ್ತರ ಸಾಕಾಗಿಬಿಡುತ್ತದೆ. ಅಪಾಯದ ಸೂಚನೆಗಳಿಗೆ ಈ ಉಪಾಯ ಸಲ್ಲದು: ಕೆಟ್ಟ ಲಿಫ್ಟಿನ ಬಾಗಿಲಿಗೆ ‘ಡು ನಾಟ್ ಯೂಸ್’ ಎಂಬ ನೇರ ವಿಧಿಯೇ ಬೇಕು. ಎರಡು ಸಲ ಕೇಳಿದರೂ ಉತ್ತರ ಬಾರದಿದ್ದರೆ ಪ್ರಶ್ನೆಯನ್ನು ಕೈಬಿಟ್ಟು ‘ಐ ರಿಕ್ವೆಸ್ಟ್ ದ್ಯಾಟ್ ದ ಪೈಪ್ ಬಿ ರಿಪೇರ್ಡ್’ ಎಂದು ಬರೆಯಬೇಕು. ಇಲ್ಲಿ ‘ಈಸ್’ ಅಲ್ಲ, ‘ಬಿ’ ಸರಿ. ಕೋರಿಕೆ ಮತ್ತು ನಿರ್ಣಯಗಳ ಒಕ್ಕಣೆಯಲ್ಲಿ ಇಂಗ್ಲಿಷ್ ಉಳಿಸಿಕೊಂಡಿರುವ ಸಂಭಾವನಾ ರೂಪವಿದು (‘ಸಬ್ಜಂಕ್ಟಿವ್’, ಅಂದರೆ ನಡೆದದ್ದನ್ನಲ್ಲ, ಆಗಬೇಕಾದದ್ದನ್ನು ಹೇಳುವ ಕ್ರಿಯಾರೂಪ), ಮಹಾಸಭೆಯ ನಡಾವಳಿಯಲ್ಲಿಯೂ ‘ರಿಸಾಲ್ವ್ಡ್ ದ್ಯಾಟ್ ದ ಟ್ಯಾಂಕ್ ಬಿ ಕ್ಲೀನ್ಡ್’ ಎಂದೇ ಬರೆಯುತ್ತಾರೆ. ‘ಡು ದ ನೀಡ್‌ಫುಲ್’ ಅನ್ನು ಮಾತ್ರ ಯಾರಿಗೂ ಬರೆಯದಿರುವುದು ಲೇಸು, ಏನು ಮಾಡಬೇಕೆಂಬುದನ್ನೇ ಅದು ಹೇಳುವುದಿಲ್ಲ.